ಕಾಲು ಗುಳಿಗೆಯ ಲೆಕ್ಕ: ಕಿಡ್ನಿ ಕೆಟ್ಟ ಬೆಕ್ಕಿಗೆ ರಾಯಚೂರಿನಲ್ಲಿ ಔಷಧ ಮಾಡಿದ ಬಗೆ

ಬೆಕ್ಕಿನ ಕಿಡ್ನಿ ಮುಕ್ಕಾಲು ಪಾಲು ಕೆಲಸ ಬಿಡುವ ತನಕ ರಕ್ತದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಏರುವುದಿಲ್ಲ. ಅದಕ್ಕೂ ಮುಂಚೆ ಕಣ್ಣಿಗೆ ಬೀಳುವುದು ನೀರು. ಬಟ್ಟಲು ಬೇಗ ಖಾಲಿಯಾಗುತ್ತದೆ, ಉಚ್ಚೆ ಮಾಡುವ ಟ್ರೇಯಲ್ಲಿ ಮರಳಿನ ಗಡ್ಡೆಗಳು ದೊಡ್ಡದಾಗುತ್ತವೆ. ರಾಯಚೂರಿನಲ್ಲಿ ಇದನ್ನು ಗುರುತಿಸುವುದೇ ಮೊದಲ ತೊಡಕು. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟಿದ ಮೇಲೆ ಮನೆಯವರೆಲ್ಲ ಕೊಡಗಟ್ಟಲೆ ಕುಡಿಯುವಾಗ ಬೆಕ್ಕು ಕುಡಿದರೆ ಯಾರು ಅನುಮಾನಪಟ್ಟಾರು?

ಅಳೆದೇ ನೋಡಬೇಕು. ಒಂದೇ ಅಳತೆಯ ಎರಡು ಬಟ್ಟಲಿಗೆ ಸಿರಿಂಜಿನಿಂದಲೋ ಅಳತೆ ಲೋಟದಿಂದಲೋ ಸಮನಾಗಿ ನೀರು ಹಾಕಿ, ಒಂದನ್ನು ಬೆಕ್ಕಿಗಿಟ್ಟು, ಇನ್ನೊಂದನ್ನು ಅದೇ ಕೋಣೆಯಲ್ಲಿ ಬೆಕ್ಕಿಗೆ ಎಟುಕದ ಕಡೆ ಇಡಿ. ಮರುದಿನ ಅದೇ ಹೊತ್ತಿಗೆ ಎರಡನ್ನೂ ಅಳೆಯಿರಿ. ಎರಡನೆಯದರಲ್ಲಿ ಕಡಿಮೆಯಾದದ್ದು ಆವಿ, ಅದನ್ನು ಕಳೆದರೆ ಉಳಿದದ್ದು ಬೆಕ್ಕು ಕುಡಿದ ನೀರು. ನಮ್ಮ ಸೆಕೆಗೆ ಆವಿಯ ಲೆಕ್ಕ ಸಣ್ಣದಲ್ಲ. ಕೂಲರ್ ಓಡುವ ಕೋಣೆಯಲ್ಲಂತೂ ಬೇರೆಯೇ ಬರುತ್ತದೆ. ಆರೋಗ್ಯವಂತ ಬೆಕ್ಕು ದಿನಕ್ಕೆ ಕಿಲೋ ತೂಕಕ್ಕೆ 50 ಮಿ.ಲೀ. ಒಳಗೇ ಕುಡಿಯುತ್ತದೆ. 100 ಮಿ.ಲೀ. ದಾಟಿದರೆ ಅದು ಬಿಸಿಲಿನ ಬಾಯಾರಿಕೆಯಲ್ಲ. ನಮ್ಮ ಮನೆಯ ಹನ್ನೊಂದು ವರ್ಷದ ಬೆಕ್ಕಿನದು ಆ ಗೆರೆ ದಾಟಿತ್ತು. ತೂಕವೂ 4.4 ಕಿಲೋದಿಂದ 3.6ಕ್ಕೆ ಇಳಿದಿತ್ತು.

ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಬೆಳಗಿನ ಹೊತ್ತು ಆಕಳು, ಎಮ್ಮೆ, ಕುರಿಗಳ ಸಾಲು. ಬೆಕ್ಕನ್ನು ತೆರೆದ ಬುಟ್ಟಿಯಲ್ಲಿ ಒಯ್ದರೆ ಹೆದರಿ ಅರ್ಧ ಜೀವವಾಗುತ್ತದೆ. ಬುಟ್ಟಿಯ ಮೇಲೆ ತೆಳ್ಳನೆಯ ಹತ್ತಿಬಟ್ಟೆ ಹೊದಿಸಿ, ಗಾಳಿ ಆಡುವ ಹಾಗೆ ನೋಡಿಕೊಂಡು, ಬಿಸಿಲೇರುವ ಮೊದಲೇ ಹೋಗುವುದು ಒಳ್ಳೆಯದು. ರಕ್ತ ತೆಗೆಯುವ ಮುಂಚೆ ಏಳೆಂಟು ತಾಸು ಊಟ ಬೇಡ. ನೀರು ಮಾತ್ರ ತಪ್ಪಿಸಬಾರದು. ಕಿಡ್ನಿ ಕೆಟ್ಟ ಬೆಕ್ಕಿಗೆ ಒಂದು ರಾತ್ರಿ ನೀರಿಲ್ಲದಿದ್ದರೂ ಕ್ರಿಯಾಟಿನಿನ್ ಇನ್ನಷ್ಟು ಏರುತ್ತದೆ.

ಸಣ್ಣ ಊರುಗಳಲ್ಲಿ ಬೆಕ್ಕಿನ ರಕ್ತವೂ ಮನುಷ್ಯರ ಲ್ಯಾಬಿಗೇ ಹೋಗುತ್ತದೆ. ಅದರಿಂದ ಕ್ರಿಯಾಟಿನಿನ್, ಯೂರಿಯಾ, ಫಾಸ್ಫರಸ್ ಅಳತೆಗೆ ಧಕ್ಕೆಯಿಲ್ಲ. ಆದರೆ ರಿಪೋರ್ಟ್ ಓದುವಾಗ ಮೂರು ವಿಷಯ ಗಮನಿಸಬೇಕು. ಒಂದು, ಪಕ್ಕದಲ್ಲಿ ಅಚ್ಚಾಗಿರುವ ‘ನಾರ್ಮಲ್’ ಮಿತಿ ಮನುಷ್ಯರದು. ಬೆಕ್ಕಿಗೆ 1.6ರ ಒಳಗಿನ ಕ್ರಿಯಾಟಿನಿನ್ ಸಹಜವಿರಬಹುದು, ಲ್ಯಾಬಿನವರು 1.4ಕ್ಕೇ ಕೆಂಪು ಗುರುತು ಹಾಕಿರುತ್ತಾರೆ. ಎರಡು, ನಮ್ಮ ಲ್ಯಾಬುಗಳು ಕೊಡುವುದು ‘ಬ್ಲಡ್ ಯೂರಿಯಾ’. ಬೆಕ್ಕಿನ ಕೋಷ್ಟಕಗಳೆಲ್ಲ ಇರುವುದು ‘ಬಿಯುಎನ್’, ಅಂದರೆ ಯೂರಿಯಾದೊಳಗಿನ ನೈಟ್ರೋಜನ್ನಿನ ಲೆಕ್ಕದಲ್ಲಿ. ಯೂರಿಯಾವನ್ನು 2.14ರಿಂದ ಭಾಗಿಸಿದರೆ ಬಿಯುಎನ್ ಸಿಗುತ್ತದೆ. 150 ಯೂರಿಯಾ ಎಂದರೆ 70 ಬಿಯುಎನ್. ಇದು ಗೊತ್ತಿಲ್ಲದೆ ಎಷ್ಟೋ ಜನ 150 ಅಂಕಿ ಕಂಡು ಆಸೆ ಬಿಡುತ್ತಾರೆ. ಮೂರು, ಕಿಡ್ನಿ ಪ್ರೊಫೈಲ್ ಎಂದು ಬರೆಸಿದರೆ ಫಾಸ್ಫರಸ್ ಅದರಲ್ಲಿ ಇರುತ್ತದೆಂಬ ಖಾತ್ರಿಯಿಲ್ಲ. ಫಾಸ್ಫರಸ್, ಪೊಟ್ಯಾಸಿಯಂ ಎರಡನ್ನೂ ಹೆಸರು ಹಿಡಿದು ಕೇಳಬೇಕು. ಟ್ಯೂಬಿನಲ್ಲಿ ರಕ್ತ ಒಡೆದು ಸೀರಂ ಕೆಂಪಾಗಿದ್ದರೆ ಫಾಸ್ಫರಸ್ ಸುಳ್ಳೇ ಹೆಚ್ಚಿಗೆ ತೋರಬಹುದು, ಮತ್ತೆ ರಕ್ತ ಕೊಡಬೇಕಾಗುತ್ತದೆ. ಇನ್ನು ಪ್ಲೇಟ್‌ಲೆಟ್. ಬೆಕ್ಕಿನ ಪ್ಲೇಟ್‌ಲೆಟ್ ಅಂಟಿಕೊಂಡು ಗುಂಪಾಗುವ ಜಾತಿಯದು, ಮನುಷ್ಯರ ಯಂತ್ರ ಅದನ್ನು ತೀರ ಕಡಿಮೆ ಎಣಿಸುತ್ತದೆ. ಆ ಅಂಕಿ ನೋಡಿ ಡೆಂಗಿ ಬಂದವರಂತೆ ಗಾಬರಿ ಬೀಳಬೇಡಿ.

ನಮ್ಮ ಬೆಕ್ಕಿನ ಕ್ರಿಯಾಟಿನಿನ್ 3.4, ಫಾಸ್ಫರಸ್ 6.8 ಬಂತು. ಪಶುವೈದ್ಯರು ಬಳಸುವ ಐರಿಸ್ ಪಟ್ಟಿಯ ಪ್ರಕಾರ ಕ್ರಿಯಾಟಿನಿನ್ 1.6ರಿಂದ 2.8 ಎರಡನೇ ಹಂತ, 2.9ರಿಂದ 5.0 ಮೂರನೇ ಹಂತ, 5 ದಾಟಿದರೆ ನಾಲ್ಕನೆಯದು. ಆದರೆ ಈ ಹಂತ ನಿಗದಿ ಮಾಡುವುದು ಬೆಕ್ಕಿಗೆ ಮೈಯಲ್ಲಿ ನೀರು ಸರಿಯಾಗಿದ್ದಾಗ, ಎರಡು ಸಲ ಪರೀಕ್ಷೆ ಮಾಡಿದ ಮೇಲೆ. ವಾಂತಿಯಿಂದ ಒಣಗಿಹೋದ ಬೆಕ್ಕಿನ ಮೊದಲ ರಿಪೋರ್ಟ್ ಹಿಡಿದು ಹಂತ ಹೇಳಿದರೆ ಅದು ತಪ್ಪಬಹುದು.

ಮೂತ್ರದ ಪರೀಕ್ಷೆಯೂ ಬೇಕು. ಟ್ರೇಯನ್ನು ಸೋಪು ಹಾಕಿ ತೊಳೆದು, ಚೆನ್ನಾಗಿ ಜಾಲಿಸಿ ಒಣಗಿಸಿ, ಖಾಲಿ ಇಟ್ಟರೆ ಕೆಲವು ಬೆಕ್ಕುಗಳು ಅದರಲ್ಲೇ ಮಾಡುತ್ತವೆ. ಇಲ್ಲದಿದ್ದರೆ ವೈದ್ಯರು ಹೊಟ್ಟೆಯ ಮೇಲಿಂದ ಸೂಜಿ ಹಾಕಿ ತೆಗೆಯುತ್ತಾರೆ. ನೋಡಲು ಭಯ, ಬೆಕ್ಕಿಗೆ ಅಷ್ಟು ತೊಂದರೆಯಿಲ್ಲ. ಮೂತ್ರ ಎಷ್ಟು ಗಟ್ಟಿ ಎಂಬುದನ್ನು ರಿಫ್ರಾಕ್ಟೋಮೀಟರಿನಲ್ಲೇ ನೋಡಿಸಬೇಕು. ಅದ್ದಿ ತೆಗೆಯುವ ಪಟ್ಟಿಯಲ್ಲಿರುವ ಆ ಬಣ್ಣದ ಚೌಕ ಬೆಕ್ಕಿನ ಮೂತ್ರಕ್ಕೆ ನಂಬಿಕೆಯದಲ್ಲ. 1.035ಕ್ಕಿಂತ ಕೆಳಗೆ ಇದ್ದು, ಜೊತೆಗೆ ಕ್ರಿಯಾಟಿನಿನ್ ಹೆಚ್ಚಿದ್ದರೆ ಕಿಡ್ನಿಯದೇ ದೂರು. ನಮ್ಮದು 1.014. ಪ್ರೋಟೀನ್ ಎಷ್ಟು ಸೋರುತ್ತಿದೆ ಎಂದು ನೋಡುವ ಯುಪಿಸಿ ಪರೀಕ್ಷೆಯನ್ನೂ ಅದೇ ಮೂತ್ರದಲ್ಲಿ ಮಾಡಿಸಬಹುದು. 0.4 ದಾಟಿದರೆ ಆ ಸೋರಿಕೆ ತಗ್ಗಿಸುವ ಬೆನಾಜೆಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಔಷಧ ಸೇರುತ್ತದೆ.

ನಮ್ಮ ಕಡೆ ಸುಲಭಕ್ಕೆ ಆಗದ ಕೆಲಸವೆಂದರೆ ಬೆಕ್ಕಿನ ರಕ್ತದೊತ್ತಡ ನೋಡಿಸುವುದು. ಮನೆಯಲ್ಲಿ ಅಜ್ಜನಿಗೆ ಕಟ್ಟುವ ಡಿಜಿಟಲ್ ಯಂತ್ರ ಬೆಕ್ಕಿನ ಕಾಲಿಗೆ ನಡೆಯದು. ಸಣ್ಣ ಪಟ್ಟಿಯಿರುವ ಡಾಪ್ಲರ್ ಯಂತ್ರ ಬೇಕು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಸುಮಾರು ಇನ್ನೂರು ಕಿಲೋಮೀಟರ್. ಅಲ್ಲಿಗೆ ಹೋಗುವುದಾದರೆ ರಕ್ತದೊತ್ತಡ, ಹೊಟ್ಟೆಯ ಸ್ಕ್ಯಾನ್, ಥೈರಾಯ್ಡಿನ ಟಿ4, ಕಿಡ್ನಿಯ ಇನ್ನೊಂದು ರಕ್ತಪರೀಕ್ಷೆಯಾದ ಎಸ್‌ಡಿಎಂಎ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿಕೊಂಡು ಬರಬೇಕು. ಆಸ್ಪತ್ರೆ ತಲುಪಿದ ಕೂಡಲೇ ಒತ್ತಡ ಅಳೆಸಬೇಡಿ. ಪ್ರಯಾಣದ ಹೆದರಿಕೆಗೇ ಅದು ಏರಿರುತ್ತದೆ. ಮೂಲೆಯಲ್ಲಿ ಹತ್ತು ನಿಮಿಷ ಕೂಡಿಸಿ, ಮೊದಲ ಅಳತೆ ಬಿಟ್ಟು, ಆಮೇಲಿನ ಐದಾರರ ಸರಾಸರಿ ಹಿಡಿಯಲು ಕೇಳಿ. 160 ದಾಟಿ ಉಳಿದರೆ ಔಷಧ ಬೇಕು, 180 ದಾಟಿದರೆ ಕಣ್ಣಿಗೆ ಅಪಾಯ. ಪಾಪೆ ದೊಡ್ಡದಾಗಿ, ಬೆಕ್ಕು ಒಮ್ಮೆಲೇ ಗೋಡೆಗೆ ಹಾಯತೊಡಗಿದರೆ ಅದು ಒತ್ತಡದಿಂದ ಕಣ್ಣಿನ ಒಳಪರದೆ ಕಳಚಿದ ಲಕ್ಷಣ. ಒಂದು ದಿನವೂ ಕಾಯುವ ಹಾಗಿಲ್ಲ.

ಇಷ್ಟಾದ ಮೇಲೆ ಚೀಟಿ ಕೈಗೆ ಬರುತ್ತದೆ. ಇಲ್ಲಿಂದ ಮುಂದಿನ ಪ್ರಮಾಣಗಳೆಲ್ಲ 3.6 ಕಿಲೋ ತೂಕದ, ಮೂರನೇ ಹಂತದ ಬೆಕ್ಕಿಗೆ ವೈದ್ಯರು ಬರೆದವು. ನಿಮ್ಮ ಬೆಕ್ಕಿನ ತೂಕ, ರಿಪೋರ್ಟು ಬೇರೆಯಾದರೆ ಪ್ರಮಾಣವೂ ಬೇರೆ. ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧದ ಹೆಸರು, ಮಿಲಿಗ್ರಾಂ, ಎಷ್ಟು ಭಾಗ, ಎಷ್ಟು ಹೊತ್ತಿಗೊಮ್ಮೆ ಎಂದು ಬರೆಸಿಕೊಳ್ಳಿ. ಮೇಲೆ ‘ಬೆಕ್ಕು, 3.6 ಕೆಜಿ’ ಎಂದು ಇರಲಿ. ಯಾಕೆಂದರೆ ಇವುಗಳಲ್ಲಿ ಮುಕ್ಕಾಲು ಪಾಲು ಮನುಷ್ಯರ ಗುಳಿಗೆ, ಕೊಳ್ಳುವುದು ಮನುಷ್ಯರ ಮೆಡಿಕಲ್ ಅಂಗಡಿಯಲ್ಲಿ.

“ಯಾರಿಗ್ರೀ ಇದು ಬಿ.ಪಿ. ಗುಳಿಗಿ?”

“ಬೆಕ್ಕಿಗ್ರೀ ಅಣ್ಣಾರ.”

“ಬೆಕ್ಕಿಗೂ ಬಿ.ಪಿ. ಬರ್ತದೇನ್ರೀ!”

ನಗು ಮುಗಿದ ಮೇಲೆ ಕೈಗೆ ಬಂದ ಸ್ಟ್ರಿಪ್ ಮೇಲಿನ ಅಕ್ಷರ ಓದಲೇಬೇಕು. ರಕ್ತದೊತ್ತಡ ಇಳಿಸಲು ಬರೆದಿದ್ದು ಅಮ್ಲೋಡಿಪಿನ್ 2.5 ಮಿ.ಗ್ರಾಂ. ಅಂಗಡಿಯಲ್ಲಿ ಹೆಚ್ಚು ಓಡುವುದು 5 ಮಿ.ಗ್ರಾಂ., ‘ಅರ್ಧ ಮಾಡಿ ಕೊಡ್ರೀ, ಎರಡೂ ಒಂದೇ’ ಎನ್ನುತ್ತಾರೆ. ಬೆಕ್ಕಿಗೆ ಬೇಕಾದ್ದು 0.625 ಮಿ.ಗ್ರಾಂ., ಅಂದರೆ 2.5ರಲ್ಲಿ ಕಾಲು. 5ರ ಗುಳಿಗೆಯಲ್ಲಿ ಅದು ಎಂಟನೇ ಒಂದು ಭಾಗ, ಬ್ಲೇಡಿಗೆ ಪುಡಿಯಾಗುತ್ತದೆಯೇ ಹೊರತು ಭಾಗವಾಗುವುದಿಲ್ಲ. ಇನ್ನೊಂದು, ಹೆಸರಿನ ಕೊನೆಗೆ ‘ಎಟಿ’, ‘ಎಚ್’, ‘ಎಎಂ’ ಎಂಬ ಬಾಲಗಳಿರುವ ಗುಳಿಗೆಗಳು ಜೋಡಿ ಔಷಧದವು. ‘ಎಟಿ’ ಇದ್ದರೆ ಅಟೆನೊಲಾಲ್ ಸೇರಿರುತ್ತದೆ, ‘ಎಚ್’ ಇದ್ದರೆ ಮೂತ್ರ ಇಳಿಸುವ ಔಷಧ. ನೀರಿಲ್ಲದೆ ಒಣಗುವ ಬೆಕ್ಕಿಗೆ ಮೂತ್ರ ಇಳಿಸುವ ಔಷಧ ಕೊಟ್ಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅಮ್ಲೋಡಿಪಿನ್ ಜನೌಷಧಿ ಮಳಿಗೆಯಲ್ಲೂ ಸಿಗುತ್ತದೆ, ದರ ತೀರ ಕಡಿಮೆ. ಹತ್ತು ಗುಳಿಗೆಯ ಒಂದು ಸ್ಟ್ರಿಪ್ ನಲವತ್ತು ದಿನ ಬರುತ್ತದೆ.

ಕಾಲು ಮಾಡುವುದಕ್ಕೆ ಗುಳಿಗೆ ಕತ್ತರಿಸುವ ಪ್ಲಾಸ್ಟಿಕ್ ಡಬ್ಬಿ ಕೊಳ್ಳಿ. ಅಡುಗೆಮನೆಯ ಚಾಕುವಿನಲ್ಲಿ ಅರ್ಧ ಸಿಡಿದು ಮಂಚದ ಕೆಳಗೆ ಹೋಗುತ್ತದೆ. ನಾಲ್ಕು ಭಾಗ ಎಂದೂ ಸಮ ಬರುವುದಿಲ್ಲ. ಅದಕ್ಕೊಂದು ಉಪಾಯವಿದೆ. ಒಂದು ಗುಳಿಗೆ ಮುಗಿಯುವ ತನಕ ಮತ್ತೊಂದನ್ನು ಕತ್ತರಿಸಬಾರದು. ಒಂದೇ ಗುಳಿಗೆಯ ನಾಲ್ಕು ತುಂಡನ್ನು ನಾಲ್ಕು ದಿನಕ್ಕೆ ಕೊಟ್ಟರೆ ಒಂದು ದಿನ ಕಡಿಮೆಯಾದದ್ದು ಮರುದಿನ ತುಂಬಿ, ನಾಲ್ಕನೇ ದಿನಕ್ಕೆ ಲೆಕ್ಕ ಸರಿಹೋಗುತ್ತದೆ. ಇಡೀ ಸ್ಟ್ರಿಪ್ ಒಮ್ಮೆಲೇ ಕತ್ತರಿಸಿ ಡಬ್ಬಿಗೆ ಹಾಕಿದರೆ ಕೊನೆಗೆ ಉಳಿಯುವುದು ಬರೀ ಚೂರು, ಪುಡಿ. ಕತ್ತರಿಸಿದ್ದು ಬೆಳಕು ಬೀಳದ ಸಣ್ಣ ಡಬ್ಬಿಯಲ್ಲಿರಲಿ. ಟೆಲ್ಮಿಸಾರ್ಟನ್ ಬರೆದಿದ್ದರೆ ಇನ್ನೂ ಎಚ್ಚರ ಬೇಕು. ಅದು ಗಾಳಿಯ ತೇವ ಹೀರಿಕೊಳ್ಳುವ ಗುಳಿಗೆ, ಸ್ಟ್ರಿಪ್ಪಿನಿಂದ ತೆಗೆದಿಟ್ಟರೆ ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ಅದನ್ನು ನೀರಲ್ಲಿ ಕದಡಿ ಸಿರಿಂಜಿನಲ್ಲಿ ಅಳೆದು ಕೊಡುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ನೀರಲ್ಲಿ ಕರಗದ ಔಷಧ ತಳಕ್ಕೆ ಇಳಿಯುತ್ತದೆ, ಮೊದಲ ಸಿರಿಂಜಿಗೂ ಕೊನೆಯದಕ್ಕೂ ಹೊಂದಿಕೆಯಿರುವುದಿಲ್ಲ.

ಗುಳಿಗೆ ನುಂಗಿಸುವುದು. ಊಟದ ಬಟ್ಟಲಲ್ಲಿ ಕಲಸುವುದು ಎಲ್ಲರಿಗೂ ಮೊದಲು ತೋಚುವ ದಾರಿ, ಹಾಗೂ ಬೇಗ ಮುಚ್ಚಿಹೋಗುವ ದಾರಿ. ಕಹಿ ಹತ್ತಿದ ಬೆಕ್ಕು ಆ ಊಟವನ್ನೇ ಬಿಡುತ್ತದೆ, ಕಿಡ್ನಿ ಬೆಕ್ಕಿಗೆ ಊಟ ಬಿಡುವುದಕ್ಕಿಂತ ದೊಡ್ಡ ಕೇಡಿಲ್ಲ. ಕೈಯಿಂದಲೇ ನುಂಗಿಸುವುದನ್ನು ಕಲಿಯಬೇಕು. ಬೆಕ್ಕನ್ನು ಮೇಜಿನ ಮೇಲೆ, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗುವ ಹಾಗೆ ಕೂಡಿಸಿ. ಪರಚುವುದಿದ್ದರೆ ಟವಲಿನಲ್ಲಿ ಕುತ್ತಿಗೆ ತನಕ ಸುತ್ತಿ. ಎಡಗೈಯನ್ನು ತಲೆಯ ಮೇಲಿಂದ ತಂದು ಹೆಬ್ಬೆರಳು, ನಡುಬೆರಳನ್ನು ಕೋರೆಹಲ್ಲಿನ ಹಿಂದೆ ಎರಡೂ ಕೆನ್ನೆಗೆ ಇಟ್ಟು ಮೂಗನ್ನು ಮೇಲಕ್ಕೆ ಎತ್ತಿದರೆ ಕೆಳದವಡೆ ತಾನೇ ಸಡಿಲಾಗುತ್ತದೆ. ಬಲಗೈಯ ಬೆರಳಿಂದ ಮುಂದಿನ ಸಣ್ಣ ಹಲ್ಲುಗಳ ಮೇಲೆ ಒತ್ತಿ, ನಾಲಗೆಯ ಬುಡದಲ್ಲಿ, ನಟ್ಟನಡುವೆ ಗುಳಿಗೆ ಬಿಡಿ. ಪಕ್ಕಕ್ಕೆ ಬಿದ್ದರೆ ಉಗುಳುತ್ತದೆ. ಬಾಯಿ ಮುಚ್ಚಿ ಗಂಟಲು ಸವರಿ. ಮೂಗು ನೆಕ್ಕಿಕೊಂಡರೆ ನುಂಗಿತೆಂದು ಅರ್ಥ. ಕೂಡಲೇ ಸೂಜಿ ತೆಗೆದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ 5 ಮಿ.ಲೀ. ನೀರನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಇದನ್ನು ತಪ್ಪಿಸಬಾರದು. ಒಣ ಗುಳಿಗೆ ಬೆಕ್ಕಿನ ಅನ್ನನಾಳದಲ್ಲಿ ನಿಮಿಷಗಟ್ಟಲೆ ನಿಂತುಬಿಡುತ್ತದೆ. ಡಾಕ್ಸಿಸೈಕ್ಲಿನ್ ಥರದ ಔಷಧವಾದರೆ ಅಲ್ಲೇ ಸುಟ್ಟು ನಾಳ ಕಿರಿದಾಗುವುದೂ ಉಂಟು.

ಕಹಿ ಗುಳಿಗೆಗೆ ಖಾಲಿ ಜೆಲಾಟಿನ್ ಕ್ಯಾಪ್ಸೂಲ್ ಒಳ್ಳೆಯದು. 4ನೇ ನಂಬರಿನದು ಬೆಕ್ಕಿಗೆ ಸರಿಯಾದ ಅಳತೆ. ಹೊರಗೆ ತುಸು ತುಪ್ಪ ಸವರಿದರೆ ಜಾರಿ ಇಳಿಯುತ್ತದೆ. ಬೇಸಿಗೆಯಲ್ಲಿ ಈ ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ನುಂಗಿಸುವಾಗ ಬಾಯಲ್ಲಿ ಬುರುಗು ಬಂದರೆ ಫಿಟ್ಸ್ ಎಂದು ಹೆದರುವವರಿದ್ದಾರೆ. ಅದು ಕಹಿಗೆ ಬರುವ ಜೊಲ್ಲು. ಮತ್ತೆ, ಬೆಕ್ಕು ಮಲಗುವ ಜಾಗದಿಂದ ಎಬ್ಬಿಸಿ ತಂದು ಔಷಧ ಕೊಡಬೇಡಿ. ಸ್ವಲ್ಪ ದಿನಕ್ಕೇ ಅದು ನಿಮ್ಮ ಹೆಜ್ಜೆ ಸಪ್ಪಳಕ್ಕೆ ಅಲ್ಮೇರಾ ಹಿಂದೆ ಸೇರತೊಡಗುತ್ತದೆ. ಅಕ್ಕರೆಯಿಂದ ಸಾಕಿದವರಿಗೆ ಇದು ರೋಗಕ್ಕಿಂತ ಹೆಚ್ಚು ನೋಯುತ್ತದೆ. ಔಷಧಕ್ಕೆ ಒಂದು ಜಾಗ, ಒಂದು ಹೊತ್ತು ಗೊತ್ತುಮಾಡಿ ಉಳಿದ ಹೊತ್ತೆಲ್ಲ ಅದರ ಪಾಡಿಗೆ ಬಿಟ್ಟರೆ ಮತ್ತೆ ತಾನಾಗೇ ಮಡಿಲಿಗೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲವಾಗುವುದು ಫಾಸ್ಫರಸ್ ಇಳಿಸುವ ಔಷಧದಲ್ಲಿ. ಕೆಟ್ಟ ಕಿಡ್ನಿ ಫಾಸ್ಫರಸ್ ಹೊರಹಾಕಲಾರದು, ಅದು ರಕ್ತದಲ್ಲಿ ಉಳಿದು ಇರುವ ಕಿಡ್ನಿಯನ್ನೂ ಕೆಡಿಸುತ್ತದೆ. ಮೂರನೇ ಹಂತದಲ್ಲಿ ಅದನ್ನು 5ರ ಒಳಗೆ ತರಬೇಕು, 2.7ಕ್ಕಿಂತ ಕೆಳಗೂ ಇಳಿಸಬಾರದು. ಈ ಔಷಧ ರಕ್ತಕ್ಕೆ ಹೋಗಿ ಕೆಲಸ ಮಾಡುವುದಲ್ಲ. ಹೊಟ್ಟೆಯಲ್ಲೇ ಊಟದೊಳಗಿನ ಫಾಸ್ಫರಸ್ಸನ್ನು ಹಿಡಿದುಕೊಂಡು ಮಲದಲ್ಲಿ ಹೋಗುತ್ತದೆ. ಆದ್ದರಿಂದ ಊಟದ ಜೊತೆಗೇ ಹೋಗಬೇಕು. ಖಾಲಿ ಹೊಟ್ಟೆಗೆ ಕೊಟ್ಟದ್ದು ದಂಡ. ಅಂದಿನ ಊಟ ತಪ್ಪಿದರೆ ಇದನ್ನೂ ಬಿಡಬೇಕು.

ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂದು ಬರೆದ ಚೀಟಿಗೆ ಅಂಗಡಿಯವರು ಗುಲಾಬಿ ಬಣ್ಣದ ಆಸಿಡಿಟಿ ಔಷಧ ಕೊಡುತ್ತಾರೆ. ಅದರಲ್ಲಿ ಮೆಗ್ನೀಸಿಯಂ ಕೂಡ ಇರುತ್ತದೆ. ಕೆಟ್ಟ ಕಿಡ್ನಿ ಮೆಗ್ನೀಸಿಯಂ ಹೊರಹಾಕಲಾರದು, ಭೇದಿಯೂ ಆಗುತ್ತದೆ. ಬರೀ ಅಲ್ಯೂಮಿನಿಯಂನದು ನಮ್ಮಲ್ಲಿ ಸಿಗುವುದು ಅಪರೂಪ. ಡಯಾಲಿಸಿಸ್ ರೋಗಿಗಳು ಬರುವ ಕಡೆ, ರಿಮ್ಸ್ ಆಸ್ಪತ್ರೆಯ ಸುತ್ತಲಿನಂಥ ಅಂಗಡಿಗಳಲ್ಲಿ ಕೇಳಿದರೆ ಬದಲಿ ಔಷಧಗಳು ಸಿಗುತ್ತವೆ. ಸೆವೆಲಮರ್ ಗುಳಿಗೆ ಎಲ್ಲೆಡೆ ಇದೆ, ಆದರೆ ತೇವ ತಾಕಿದರೆ ಉಬ್ಬುವ ಗುಣದ್ದು, ಕತ್ತರಿಸಿ ಪುಡಿ ಮಾಡಲು ತಕ್ಕುದಲ್ಲ. ಕ್ಯಾಲ್ಸಿಯಂ ಅಸಿಟೇಟ್ ಅಗ್ಗ, ಆದರೆ ರಕ್ತದ ಕ್ಯಾಲ್ಸಿಯಂ ಏರಿಸಬಹುದಾದ್ದರಿಂದ ಅದನ್ನೂ ಅಳೆಸುತ್ತಿರಬೇಕು. ನಮಗೆ ಬರೆದದ್ದು ಲ್ಯಾಂಥನಮ್ ಕಾರ್ಬೊನೇಟ್. ಅಗಿಯುವ ಗುಳಿಗೆ, 250 ಮಿ.ಗ್ರಾಂ. ದಿನಕ್ಕೆ ಕಿಲೋಗೆ 30 ಮಿ.ಗ್ರಾಂನಿಂದ ಶುರು, ಹಾಗಾಗಿ ಬೆಳಿಗ್ಗೆ ಕಾಲು, ಸಂಜೆ ಕಾಲು. ರುಚಿಯೇ ಇಲ್ಲದ್ದರಿಂದ ಎರಡು ಚಮಚೆಯ ನಡುವೆ ಒತ್ತಿ ನುಣ್ಣಗೆ ಪುಡಿ ಮಾಡಿ ಮೆತ್ತನೆಯ ಊಟದಲ್ಲಿ ಕಲಸಬಹುದು. ನಮ್ಮ ಚೀಟಿಯಲ್ಲಿ ಊಟದಲ್ಲಿ ಕಲಸಬಹುದಾದ ಔಷಧ ಇದೊಂದೇ. ಅಮ್ಲೋಡಿಪಿನ್ನಿಗಿಂತ ಎಷ್ಟೋ ಪಟ್ಟು ದುಬಾರಿ. ಊಟಕ್ಕೆ ಮುಂಚೆ ಕೊಡುವ ವಾಂತಿಯ ಗುಳಿಗೆ ಬಿಟ್ಟು ಮಿಕ್ಕ ಗುಳಿಗೆಗಳನ್ನು ಇದರಿಂದ ಎರಡು ತಾಸು ದೂರ ಇಡಬೇಕು, ಇಲ್ಲದಿದ್ದರೆ ಅವನ್ನೂ ಹಿಡಿದುಕೊಂಡುಬಿಡಬಹುದು.

ಫಾಸ್ಫರಸ್ ಇಳಿಸುವ ಔಷಧ ಕೊಡುತ್ತ ಹಾಲು, ಕಲೇಜಿ (ಲಿವರ್), ಒಣಮೀನು ಹಾಕುತ್ತಿದ್ದರೆ ತಳವಿಲ್ಲದ ಕೊಡಕ್ಕೆ ನೀರು ಸುರಿದಂತೆ. ಹಾಲು-ರೊಟ್ಟಿ ತಿಂದು ಬೆಳೆದ ನಮ್ಮ ಕಡೆಯ ಬೆಕ್ಕುಗಳಿಗೆ ಇದು ಕಷ್ಟದ ಮಾತು. ಕಿಡ್ನಿಗೆಂದೇ ಮಾಡಿದ ಆಹಾರ ರಾಯಲ್ ಕ್ಯಾನಿನ್, ಹಿಲ್ಸ್, ಫಾರ್ಮಿನಾ ಕಂಪನಿಗಳದ್ದು ಸಿಗುತ್ತದೆ, ಹೆಚ್ಚಾಗಿ ತರಿಸಿಕೊಳ್ಳಬೇಕು. ಇಡೀ ಉಪಚಾರದಲ್ಲಿ ಹೆಚ್ಚು ದುಡ್ಡು ಹೋಗುವುದು ಇದಕ್ಕೇ. ಅದಕ್ಕೇ ಮೊದಲು ಸಣ್ಣ ಪೊಟ್ಟಣ ತರಿಸಿ, ತಿನ್ನುತ್ತದೋ ನೋಡಿ, ಆಮೇಲೆ ಚೀಲ. ಹಳೆಯ ಊಟದಲ್ಲಿ ಚಿಟಿಕೆ ಚಿಟಿಕೆ ಬೆರೆಸಿ ಎರಡು ಮೂರು ವಾರದಲ್ಲಿ ಬದಲಾಯಿಸಬೇಕು. ವಾಂತಿ ಇರುವ ದಿನಗಳಲ್ಲಿ ಶುರು ಮಾಡಲೇಬಾರದು. ಆ ಸಂಕಟವನ್ನು ಬೆಕ್ಕು ಹೊಸ ಊಟದ ತಲೆಗೆ ಕಟ್ಟಿ, ಮತ್ತೆಂದೂ ಮೂಸುವುದಿಲ್ಲ. ಏನು ಮಾಡಿದರೂ ಒಲ್ಲೆ ಎಂದರೆ ಬೇಯಿಸಿದ ಕೋಳಿಯಾದರೂ ಸರಿ, ತಿನ್ನುವುದು ಮುಖ್ಯ. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿಗೆ ಲಿವರಿನಲ್ಲಿ ಕೊಬ್ಬು ತುಂಬಿ ಅದೇ ಪ್ರಾಣಕ್ಕೆ ಬರುತ್ತದೆ.

ಹೊಟ್ಟೆ ತೊಳಸುವುದನ್ನು ಗುರುತಿಸುವುದು ಹೇಗೆ? ಬಟ್ಟಲ ಬಳಿ ಬರುತ್ತದೆ, ಮೂಸುತ್ತದೆ, ತುಟಿ ನೆಕ್ಕಿಕೊಂಡು ತಿರುಗಿ ಹೋಗುತ್ತದೆ. ಮೊದಲ ವಾರ ಇದಕ್ಕೆ ಒಂಡಾನ್ಸೆಟ್ರಾನ್ 4 ಮಿ.ಗ್ರಾಂ. ಗುಳಿಗೆಯ ಅರ್ಧ, ಊಟಕ್ಕೆ ಅರ್ಧ ತಾಸು ಮುಂಚೆ. ಕ್ಲಿನಿಕ್ಕಿನಲ್ಲಿ ಮಾರೊಪಿಟೆಂಟ್ ಇಂಜೆಕ್ಷನ್ ಇದ್ದರೆ ಅದೂ ಒಳ್ಳೆಯದು, ಉರಿಯುತ್ತದೆ, ಫ್ರಿಜ್ಜಿನಲ್ಲಿಟ್ಟು ತಣ್ಣಗಿರುವಾಗ ಕೊಟ್ಟರೆ ಉರಿ ಕಡಿಮೆ. ಹಸಿವಿಗೆ ಮಿರ್ಟಾಜಪಿನ್ 7.5 ಮಿ.ಗ್ರಾಂ. ಗುಳಿಗೆಯ ಕಾಲು, ದಿನ ಬಿಟ್ಟು ದಿನ. ದಿನಾಲೂ ಕೊಡಬಾರದು, ಕೆಟ್ಟ ಕಿಡ್ನಿಯಿದ್ದರೆ ಅದು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಬೆಳಿಗ್ಗೆಯೇ ಕೊಡಿ. ಕೆಲವು ಬೆಕ್ಕುಗಳು ಇದಕ್ಕೆ ಕೂಗುತ್ತ ಮನೆಯೆಲ್ಲ ಸುತ್ತುತ್ತವೆ, ರಾತ್ರಿ ಕೊಟ್ಟರೆ ಓಣಿಗೇ ನಿದ್ದೆಯಿಲ್ಲ. ಇದು ಮಾನಸಿಕ ರೋಗದ ಔಷಧವಾದ್ದರಿಂದ ಚೀಟಿಯಿಲ್ಲದೆ ಕೊಡುವುದಿಲ್ಲ. ಅದರ ಬದಲಿಗೆ ಮಕ್ಕಳಿಗೆ ಹಸಿವಾಗಲೆಂದು ಕೊಡುವ ಸೈಪ್ರೊಹೆಪ್ಟಡಿನ್ ಸಿರಪ್ ಕೈಗಿಡುವವರಿದ್ದಾರೆ. ಅದೂ ಬೆಕ್ಕಿಗೆ ಹಸಿವು ತರುವ ಔಷಧವೇ, ಆದರೆ ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದನ್ನೊಂದು ಹೊಡೆದುಹಾಕುತ್ತವೆ.

ಇನ್ನು ಚರ್ಮದ ಕೆಳಗೆ ಸಲೈನ್. ದಿನಾ ದವಾಖಾನೆಗೆ ಒಯ್ಯುವುದಕ್ಕಿಂತ ಮನೆಯಲ್ಲೇ ಕಲಿಯುವುದು ಬೆಕ್ಕಿಗೂ ಜೇಬಿಗೂ ಒಳ್ಳೆಯದು, ಮೊದಲ ಒಂದೆರಡು ಸಲ ವೈದ್ಯರ ಎದುರು ಕೈಯಾರೆ ಮಾಡಿ ತೋರಿಸಿಕೊಂಡು. ಬೇಕಾದ್ದು ರಿಂಗರ್ ಲ್ಯಾಕ್ಟೇಟ್ 500 ಮಿ.ಲೀ. ಬಾಟಲಿ, ಡ್ರಿಪ್ ಸೆಟ್, 20 ಅಥವಾ 21 ಗೇಜಿನ ಸೂಜಿಗಳು. ಹಳದಿ ಬುಡದ್ದು 20, ಹಸಿರು ಬುಡದ್ದು 21. ಸೂಜಿ ಸಣ್ಣದಾದಷ್ಟೂ ನೋವು ಕಡಿಮೆ, ಆದರೆ ನೀರು ಇಳಿಯಲು ಬಹಳ ಹೊತ್ತು, ಅಷ್ಟು ಹೊತ್ತು ಬೆಕ್ಕು ಕೂರುವುದಿಲ್ಲ. ನಮ್ಮ ಕಡೆ ಯಾವ ಸಲೈನಿಗಾದರೂ ‘ಗ್ಲೂಕೋಸ್ ಬಾಟ್ಲಿ’ ಎನ್ನುವ ರೂಢಿಯಿರುವುದರಿಂದ ಅಂಗಡಿಯಲ್ಲಿ ಡಿಎನ್‌ಎಸ್ ಅಥವಾ ಡೆಕ್ಸ್‌ಟ್ರೋಸ್ ಕೊಟ್ಟುಬಿಡಬಹುದು. ಸಕ್ಕರೆಯಿರುವ ದ್ರವ ಚರ್ಮದ ಕೆಳಗೆ ಹೋದರೆ ಕೀವುಗಟ್ಟುವ ಅಪಾಯವಿದೆ. ಬಾಟಲಿಯ ಮೇಲೆ ‘ಆರ್‌ಎಲ್’ ಎಂದು ಓದಿಯೇ ತನ್ನಿ.

ಬಾಟಲಿಯನ್ನು ಬೆಕ್ಕಿಗಿಂತ ಮೂರು ನಾಲ್ಕು ಅಡಿ ಮೇಲೆ, ಕಿಟಕಿ ಸರಳಿಗೋ ಗೋಡೆ ಮೊಳೆಗೋ ನೇತುಹಾಕಿ. ಈಗಿರುವ ಮಟ್ಟಕ್ಕೂ 100 ಮಿ.ಲೀ. ಕೆಳಗೂ ಪೆನ್ನಿನಿಂದ ಗೆರೆ ಎಳೆಯಿರಿ. ಬಾಟಲಿ ಅರ್ಧ ಖಾಲಿಯಾದ ಮೇಲೆ ಪ್ಲಾಸ್ಟಿಕ್ ಕುಗ್ಗಿ ಅಳತೆ ಮೋಸ ಮಾಡುತ್ತದೆ, ಆಗ ಅಡುಗೆಮನೆಯ ತೂಕದ ಯಂತ್ರದಲ್ಲಿ ಬಾಟಲಿ ತೂಗಿ ನೋಡಿ. 100 ಮಿ.ಲೀ. ಎಂದರೆ ಹೆಚ್ಚುಕಡಿಮೆ 100 ಗ್ರಾಂ. ನಳಿಗೆಯ ಗಾಳಿಯೆಲ್ಲ ಹೋಗಿ ನೀರು ಬರುವ ತನಕ ಬಿಟ್ಟು ಚಕ್ರ ಮುಚ್ಚಿ. ಎರಡೂ ಹೆಗಲ ನಡುವಿನ ಚರ್ಮವನ್ನು ಗುಡಾರದ ಹಾಗೆ ಎತ್ತಿ, ಆ ಮಡಿಕೆಯ ಬುಡಕ್ಕೆ, ಬೆನ್ನಿಗೆ ಸಮಾನವಾಗಿ ಸೂಜಿ ಹಾಕಬೇಕು. ನೇರ ಕೆಳಕ್ಕೆ ಚುಚ್ಚಿದರೆ ಮಾಂಸಕ್ಕೆ ತಾಗುತ್ತದೆ. ಮಡಿಕೆಯ ಆಚೆ ಕಡೆಯಿಂದ ಸೂಜಿ ಹೊರಬಂದು ರೋಮ ಒದ್ದೆಯಾಗುವುದು ಹೊಸಬರಿಗೆಲ್ಲ ಆಗುವುದೇ. ಚಕ್ರ ಪೂರ್ತಿ ತೆರೆದರೆ ಐದರಿಂದ ಹತ್ತು ನಿಮಿಷದಲ್ಲಿ 100 ಮಿ.ಲೀ. ಇಳಿಯುತ್ತದೆ. ನಿಂತುಹೋದರೆ ಸೂಜಿಯ ತುದಿ ಚರ್ಮಕ್ಕೆ ಒತ್ತಿರುತ್ತದೆ, ತುಸು ತಿರುಗಿಸಿದರೆ ಸಾಕು. ತೆಗೆದ ಮೇಲೆ ತೂತನ್ನು ಬೆರಳಿಂದ ಅರ್ಧ ನಿಮಿಷ ಹಿಸುಕಿ ಹಿಡಿಯಿರಿ.

ಹೆಗಲ ಮೇಲೆ ಗಡ್ಡೆಯಂತೆ ಉಬ್ಬಿ, ಆಮೇಲೆ ಮುಂಗಾಲಿನ ಕಡೆಗೆ ಜಾರುತ್ತದೆ. ಹೆದರಬೇಕಿಲ್ಲ, ಕೆಲವು ತಾಸಿನಲ್ಲಿ ಇಂಗುತ್ತದೆ. ಮುಂದಿನ ಸಲದ ಹೊತ್ತಿಗೂ ಇಂಗದೇ ಉಳಿದಿದ್ದರೆ ಹೊಸದಾಗಿ ಹಾಕಬೇಡಿ, ವೈದ್ಯರನ್ನು ಕೇಳಿ. ಬೆಕ್ಕು ಮಲಗಿರುವಾಗ ಉಸಿರು ಎಣಿಸುವ ಅಭ್ಯಾಸ ಇಟ್ಟುಕೊಳ್ಳಿ. ನಿಮಿಷಕ್ಕೆ 30ರ ಒಳಗೆ ಇರಬೇಕು. ಏರುತ್ತ ಹೋದರೆ ನೀರು ಹೆಚ್ಚಾಗಿ ಎದೆಗೆ ಸೇರುತ್ತಿರಬಹುದು, ಹೃದಯದ ತೊಂದರೆಯಿರುವ ಬೆಕ್ಕಿಗಂತೂ ಈ ಅಪಾಯ ಹೆಚ್ಚು. ನಮಗೆ ಹೇಳಿದ್ದು ದಿನ ಬಿಟ್ಟು ದಿನ 100 ಮಿ.ಲೀ.

ರಾಯಚೂರಿನ ಬಿಸಿಲು ಇಲ್ಲೂ ಬಂದು ಕಾಡುತ್ತದೆ. ಬೇರೆ ಕಡೆ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ ಎನ್ನುತ್ತಾರೆ. ಮೇ ತಿಂಗಳಲ್ಲಿ ನಮ್ಮ ಅಲ್ಮೇರಾದಲ್ಲಿಟ್ಟ ಬಾಟಲಿ ತಾನೇ ಮೈಬಿಸಿ ದಾಟಿರುತ್ತದೆ. ಮೊದಲ ನಾಲ್ಕು ಹನಿ ನಿಮ್ಮ ಮಣಿಕಟ್ಟಿನ ಒಳಬದಿಗೆ ಬಿಟ್ಟು ನೋಡಿ. ತೆರೆದ ಬಾಟಲಿಯಲ್ಲಿ ಕೆಡದಂತೆ ಇಡುವ ಔಷಧ ಏನೂ ಇರುವುದಿಲ್ಲ. ಫ್ರಿಜ್ಜಿನಲ್ಲಿಟ್ಟು, ಕೊಡುವ ಮುಂಚೆ ತೆಗೆದು, ಕೆಲವೇ ದಿನದಲ್ಲಿ ಮುಗಿಸಬೇಕು. ಮಸುಕಾದರೆ, ಎಳೆ ತೇಲಿದರೆ ಚೆಲ್ಲಬೇಕು. ನೂರು ರೂಪಾಯಿಯೊಳಗಿನ ಬಾಟಲಿಗಾಗಿ ಜೀವಕ್ಕೆ ಸೋಂಕು ತರಬಾರದು. ಪ್ರತಿ ಸಲ ಹೊಸ ಸೂಜಿ. ಹಳೆಯದನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಕ್ಲಿನಿಕ್ಕಿಗೆ ಒಪ್ಪಿಸಿ, ಕಸದ ಗಾಡಿಯವರ ಕೈಗೆ ಚುಚ್ಚುವುದು ಬೇಡ.

ಹೊತ್ತು ಹೊಂದಿಸಿದ್ದು ಹೀಗೆ: ಬೆಳಿಗ್ಗೆ ಆರೂವರೆಗೆ ವಾಂತಿಯ ಗುಳಿಗೆ, ಏಳಕ್ಕೆ ಊಟ ಮತ್ತು ಲ್ಯಾಂಥನಮ್, ಹತ್ತಕ್ಕೆ ದಿನ ಬಿಟ್ಟು ದಿನ ಮಿರ್ಟಾಜಪಿನ್, ಸಂಜೆ ಆರೂವರೆಗೆ ಊಟ, ಮತ್ತೆ ಲ್ಯಾಂಥನಮ್, ರಾತ್ರಿ ಒಂಬತ್ತಕ್ಕೆ ಅಮ್ಲೋಡಿಪಿನ್, ಸಲೈನಿನ ದಿನವಾದರೆ ಅದೂ ಆಗಲೇ. ಫ್ರಿಜ್ಜಿನ ಬಾಗಿಲಿಗೆ ಕ್ಯಾಲೆಂಡರ್ ತೂಗಿ, ಕೊಟ್ಟವರು ಕೊಟ್ಟ ಕೂಡಲೇ ಗುರುತು ಹಾಕುವುದು ಕಡ್ಡಾಯ. ಮನೆಯಲ್ಲಿ ನಾಲ್ಕು ಜನರಿದ್ದರೆ ಇಬ್ಬರು ಕೊಟ್ಟುಬಿಡುವ ಅಪಾಯ ತಪ್ಪಿಸಿಕೊಳ್ಳುವುದಕ್ಕೆ ಬೇರೆ ದಾರಿಯಿಲ್ಲ. ಅಮ್ಲೋಡಿಪಿನ್ ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ಕೊಡಬಾರದು.

ಪೊಟ್ಯಾಸಿಯಂ ಕುಸಿದರೆ ಬೆಕ್ಕು ತಲೆ ಎತ್ತಲಾರದೆ ಗದ್ದ ಎದೆಗೆ ತಾಗಿಸಿ ನಡೆಯುತ್ತದೆ. ಅದಕ್ಕೆ ಪೊಟ್ಯಾಸಿಯಂ ಗ್ಲುಕೋನೇಟ್ ಅಥವಾ ಸಿಟ್ರೇಟ್. ಉರಿಮೂತ್ರಕ್ಕೆಂದು ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಸಿಟ್ರೇಟ್ ಸಿರಪ್ ಹೆಚ್ಚಾಗಿ ಸೋಡಿಯಂನದು, ಪೊಟ್ಯಾಸಿಯಂನದಲ್ಲ. ಅಳೆಸದೆ ಕೊಡುವ ಔಷಧವೂ ಇದಲ್ಲ, ಬೆನಾಜೆಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಜೊತೆಗಿದ್ದರೆ ಪೊಟ್ಯಾಸಿಯಂ ಏರಿಬಿಡಬಹುದು. ರಕ್ತಹೀನತೆ ಹೆಚ್ಚಾಗಿ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 20ರ ಕೆಳಗೆ ಇಳಿದರೆ ಕೆಂಪು ಕಣ ಹೆಚ್ಚಿಸುವ ಡಾರ್ಬೆಪೊಯಿಟಿನ್ ಇಂಜೆಕ್ಷನ್ ಮಾತು ಬರುತ್ತದೆ. ಅದೂ ಡಯಾಲಿಸಿಸ್ ರೋಗಿಗಳ ಅಂಗಡಿಯದೇ. 2ರಿಂದ 8 ಡಿಗ್ರಿಯಲ್ಲಿ ಉಳಿಯಬೇಕು, ಬರಿಗೈಲಿ ಹೋಗದೆ ಐಸ್ ಡಬ್ಬಿ ಒಯ್ಯಿರಿ. ಮಲಬದ್ಧತೆಗೆ ಲ್ಯಾಕ್ಟುಲೋಸ್ ಸಿರಪ್ ನಡೆಯುತ್ತದೆ.

ಕೊಡಲೇಬಾರದ್ದನ್ನು ಬಾಗಿಲ ಮೇಲೆ ಬರೆದು ಹಚ್ಚಿದರೂ ತಪ್ಪಿಲ್ಲ. ಜ್ವರ ಬಂದಂತಿದೆ ಎಂದು ಪ್ಯಾರಾಸಿಟಮಾಲ್ ಚೂರು ಕೊಟ್ಟರೆ ಬೆಕ್ಕು ಸಾಯುತ್ತದೆ, ಕಿಡ್ನಿ ಚೆನ್ನಾಗಿದ್ದರೂ ಸಾಯುತ್ತದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಬೇರೆ ಕಾಯಿಲೆಗೆ ಹೊಸ ವೈದ್ಯರ ಬಳಿ ಹೋದಾಗ ಅವರು ಬಾಯಿ ತೆರೆಯುವ ಮುಂಚೆಯೇ ‘ಕಿಡ್ನಿ ಬೆಕ್ಕು’ ಎಂದು ಹೇಳಿ. ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್ನುಗಳು ಕಿಡ್ನಿಗೆ ನೇರ ಹೊಡೆತ, ಮೆಲಾಕ್ಸಿಕಾಮ್ ಕೂಡ ಯೋಚಿಸಿಯೇ ಕೊಡಬೇಕಾದ್ದು.

ಔಷಧ ನಾಟುತ್ತಿದೆಯೋ ಇಲ್ಲವೋ ಎಂದು ಮನೆಯಲ್ಲೇ ತಿಳಿಯಲು ತೂಕಕ್ಕಿಂತ ಒಳ್ಳೆಯ ಸಾಧನವಿಲ್ಲ. ಬೆಕ್ಕನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆಯುವ ಲೆಕ್ಕದಲ್ಲಿ 100 ಗ್ರಾಂ. ಹೆಚ್ಚುಕಡಿಮೆ ಗೊತ್ತಾಗುವುದಿಲ್ಲ, ಇಲ್ಲಿ 100 ಗ್ರಾಂ. ದೊಡ್ಡ ಮಾತು. ಓಣಿಯ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಬುಟ್ಟಿ ಸಮೇತ ಇಟ್ಟು, ಆಮೇಲೆ ಖಾಲಿ ಬುಟ್ಟಿ ತೂಗಿದರೆ ನಿಖರ ಬರುತ್ತದೆ. ವಾರಕ್ಕೊಮ್ಮೆ, ಒಂದೇ ತಕ್ಕಡಿ.

ಅಮ್ಲೋಡಿಪಿನ್ ಶುರು ಮಾಡಿದ ಒಂದೆರಡು ವಾರಕ್ಕೆ ರಕ್ತದೊತ್ತಡ, ಲ್ಯಾಂಥನಮ್ ಶುರುವಾದ ನಾಲ್ಕರಿಂದ ಆರು ವಾರಕ್ಕೆ ಫಾಸ್ಫರಸ್ ನೋಡಿಸಬೇಕು. ನಮ್ಮ ಬೆಕ್ಕಿನ ಫಾಸ್ಫರಸ್ 4.7ಕ್ಕೆ ಬಂತು, ಕ್ರಿಯಾಟಿನಿನ್ 2.9ರಲ್ಲಿ ನಿಂತಿದೆ, ತೂಕ 3.9 ಕಿಲೋ. ವಾಂತಿಯ ಗುಳಿಗೆ ಈಗ ಬೇಕಾಗುತ್ತಿಲ್ಲ. ಇನ್ನು ಮೂರು ತಿಂಗಳಿಗೊಮ್ಮೆ ಕ್ರಿಯಾಟಿನಿನ್, ಯೂರಿಯಾ, ಫಾಸ್ಫರಸ್, ಪೊಟ್ಯಾಸಿಯಂ, ಪಿಸಿವಿ ಮಾಡಿಸಲು ಹೇಳಿದ್ದಾರೆ. ಪ್ರತಿ ಸಲವೂ ಅದೇ ಲ್ಯಾಬಿಗೆ ಕೊಡಿ. ಲ್ಯಾಬ್ ಬದಲಾದರೆ ಯಂತ್ರ ಬದಲಾಗಿ ಕ್ರಿಯಾಟಿನಿನ್ ಸ್ವಲ್ಪ ಆಚೆಈಚೆ ಬರಬಹುದು, ರೋಗ ಏರಿತೋ ಯಂತ್ರ ಏರಿತೋ ತಿಳಿಯದೆ ಗುಳಿಗೆ ಬದಲಿಸಬೇಕಾಗುತ್ತದೆ.